ಬಚ್ಚಲ ಹೊಸ್ತಿಲಲ್ಲಿ ಆಮೆ ಮೇಸ್ತ್ರಿ

“ನೀರು ತಣ್ಣಗಾಯ್ತು ಅಂತ ಮಾತ್ರ ಹೇಳ್ಬೇಡಿ ಅಮ್ಮಾ, ಅದು ನನಗೂ ಗೊತ್ತು, ಅದಕ್ಕೇ ತಾನೆ ಕರೆಸಿದ್ದು. ಯಾವಾಗ ತಣ್ಣಗಾಯ್ತು, ಅದು ಹೇಳಿ. ತಲೆಗೆ ಬಿದ್ದಾಗ್ಲೋ, ಬೆನ್ನಿಗೆ ಬಿದ್ದಾಗ್ಲೋ? ಸೋಪು ಹಚ್ಚೋಕೆ ಮುಂಚೆಯೋ, ಆಮೇಲೋ? ಥಟ್ಟಂತ ತಣ್ಣಗಾಯ್ತೋ, ಮುನಿಸಿಕೊಂಡ ನೆಂಟನ ಹಾಗೆ ನಿಧಾನಕ್ಕೆ ಎದ್ದು ಹೋಯ್ತೋ? ಆಗ ಮನೇಲಿ ಯಾರ್ಯಾರಿದ್ರು, ಎಲ್ಲಿದ್ರು, ಕೈಯಲ್ಲಿ ಏನಿತ್ತು? ಬೇಜಾರು ಮಾಡ್ಕೋಬೇಡಿ. ಯಾವಾಗ್ಲೂ ಕೆಟ್ಟಿರೋದನ್ನ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ. ಒಮ್ಮೊಮ್ಮೆ ಕೆಡೋದು ಇದೆಯಲ್ಲ, ಅದು ಕಳ್ಳ ಬೆಕ್ಕು. ಪಾತ್ರೆ ಬಡಿದ್ರೆ ಓಡಿಹೋಗುತ್ತೆ. ಸುಮ್ನೆ ಕೂತಿದ್ರೆ ತಾನಾಗೇ ಬರುತ್ತೆ. ಒಂದು ಸ್ಟೂಲು ಕೊಡಿ, ನಾನು ಕೂತ್ಕೋತೀನಿ. ಹೌದೋ ಅಲ್ವೋ?”

ಹೀಗೆ ಕೇಳಿದವನು ನಮ್ಮ ಬೀದಿಯ ನಲ್ಲಿ ಮೇಸ್ತ್ರಿ. ಕೇಳಿಸಿಕೊಂಡವಳು ನನ್ನ ಅಕ್ಕ. ಬೀದಿಯವರು ಅವನನ್ನು ಆಮೆ ಮೇಸ್ತ್ರಿ ಎನ್ನುತ್ತಿದ್ದರು. ಎದುರಿಗೇ ಅಂದರೂ ಅವನು ಸಿಟ್ಟಾಗುತ್ತಿರಲಿಲ್ಲ. “ಆಮೆಗೆ ಆಯಸ್ಸು ಜಾಸ್ತಿ, ಶಾಪ ಅಲ್ಲ ಬಿಡಿ” ಎಂದು ನಕ್ಕು, ಮುಂದೆ ಹೆಜ್ಜೆ ಇಡುತ್ತಿದ್ದ. ಆ ಹೆಜ್ಜೆಯೋ, ಒಣನೆಲದ ಮೇಲೆಯೂ ಈಗತಾನೆ ಒರೆಸಿದ ನೆಲವೆಂಬಂತೆ ಹಿಮ್ಮಡಿ ಎತ್ತಿ, ಅಂಗಾಲು ಊರಿ, ನೆಲದ ಅಪ್ಪಣೆ ಪಡೆದು ಇಡುವ ಹೆಜ್ಜೆ. ಮೈಮೇಲೆ ಬೇಸಿಗೆ ಚಳಿಗಾಲಗಳೆರಡಕ್ಕೂ ಒಂದೇ ಕಂದು ಬಣ್ಣದ ಕೋಟು. ಅದರ ಎಡಜೇಬಿನಲ್ಲಿ ತಂತಿಗೆ ಪೋಣಿಸಿದ ರಬ್ಬರು ಬಿಲ್ಲೆಗಳು, ಬಲಜೇಬಿನಲ್ಲಿ ಬಟ್ಟೆ ಸುತ್ತಿದ ಥರ್ಮಾಮೀಟರು, ಒಳಜೇಬಿನಲ್ಲಿ ಪೈಪಿಗೊಂದು ತುದಿ ಕಿವಿಗೊಂದು ತುದಿ ಇಟ್ಟು ಆಲಿಸುವ ಗೇಣುದ್ದದ ಮರದ ಕೋಲು. ಸ್ಪ್ಯಾನರಿನ ಚೀಲವೂ ಇತ್ತು. ಆದರೆ ಅದನ್ನು ಅವನು ಬಾಗಿಲ ಹೊರಗೇ ಇಡುತ್ತಿದ್ದ. ರೋಗ ಕಣ್ಣಿಗೆ ಬೀಳುವವರೆಗೆ ಒಂದು ತಿರುಪನ್ನೂ ಬಿಚ್ಚಕೂಡದೆಂಬುದು ಅವನ ಹಟ. “ಜ್ವರ ಇಲ್ಲದಾಗ ಔಷಧಿ ಕೊಡೋ ವೈದ್ಯ ನಾನಲ್ಲ” ಎನ್ನುವನು. ಅವಸರದ ಗೃಹಸ್ಥರಿಗೆ ಇಷ್ಟು ಸಾಕು, ಅವನನ್ನು ಕೆಲಸಗಳ್ಳನೆಂದು ತೀರ್ಮಾನಿಸಲು.

ನಮ್ಮ ಮನೆಯ ಕಥೆ ಇದು. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಭಾವ ಹೋದ ಮೇಲೆ ನಮ್ಮಲ್ಲೇ ಇದ್ದಳು. ಕೈಕಾಲಿನ ಗೆಣ್ಣುಗಳೆಲ್ಲ ಹಿಡಿದುಕೊಂಡು, ಬೆಳಗಾದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ನನ್ನ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಶವರಿನ ಕೆಳಗೆ ಕುರ್ಚಿ ಹಾಕಿಕೊಂಡು ಕಾಲು ಗಂಟೆ ಬಿಸಿನೀರು ಬಿಟ್ಟುಕೊಂಡರೆ ಅವಳ ಮೈ ಅವಳ ಮಾತು ಕೇಳುತ್ತಿತ್ತು. ಅವಳಿಗಿದ್ದ ಸುಖ ಅದೊಂದೇ. ಹೀಗಿರುವಾಗ ಒಂದು ದಿನ ಬಚ್ಚಲಿನಿಂದ ಕಿರುಚಿದಳು, ನೀರು ಮಂಜುಗಡ್ಡೆಯಾಗಿದೆ ಎಂದು. ನಾನು ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದವಳು ಓಡಿಬಂದು ಕೈ ಒಡ್ಡಿದರೆ ನೀರು ಸುಡುತ್ತಿತ್ತು. “ಬಿಸಿಯಾಗೇ ಇದೆಯಲ್ಲ ಅಕ್ಕಾ!” ಅಂದೆ. ಎರಡು ದಿನ ಬಿಟ್ಟು ಮತ್ತೆ ಹಾಗೇ. ಕಿರುಚುತ್ತಾಳೆ, ಓಡುತ್ತೇನೆ, ಬಿಸಿಯಾಗೇ ಇರುತ್ತದೆ. ರಜೆಯ ದಿನ ಮಗ ತಾನೇ ಬಾಗಿಲ ಬಳಿ ನಿಂತು ನೋಡಿದರೆ, ಕಾಲು ಗಂಟೆಯೂ ಹೊಗೆಯಾಡುವ ನೀರು. ಅವನು ಸೊಸೆಯ ಮುಖ ನೋಡಿದ, ಅಷ್ಟೆ.

ಆಗ ಮೇಸ್ತ್ರಿ ಬಂದ. ಅಕ್ಕನ ಮಂಚದ ಪಕ್ಕ, ಅವಳ ಕಣ್ಣಿಗೆ ತನ್ನ ಕಣ್ಣು ಸಮವಾಗುವಷ್ಟು ಕುಕ್ಕರಿಸಿ, ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳಿದ. ಬಚ್ಚಲಿನ ಆ ಕಿರುಚಾಟ ಬಿಟ್ಟರೆ ತಿಂಗಳಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ಅಕ್ಕ ಅರ್ಧ ಗಂಟೆ ಮಾತಾಡಿದಳು. ನಾವು ಯಾರೂ ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಹೊಳೆದು, ಮರೆತೂ ಹೋಯಿತು.

ಎರಡು ದಿನ ಅವನು ಬಚ್ಚಲ ಹೊಸ್ತಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತ. ಒಳಗೆ ಯಾರೂ ಸ್ನಾನ ಮಾಡುವಂತಿಲ್ಲ. ನೀರು ಬಕೆಟಿಗೆ ಸುರಿಯುತ್ತಿರಬೇಕು, ಅದರಲ್ಲಿ ಥರ್ಮಾಮೀಟರು ಮುಳುಗಿರಬೇಕು. ಮನೆಗೆ ಬಂದವನನ್ನು ಒಂಟಿಯಾಗಿ ಕೂರಿಸಿ ಹೋಗುವುದು ಮರ್ಯಾದೆಯೇ? ನಾನು ಬಟ್ಟೆಯ ರಾಶಿಯನ್ನು ನಾಳೆಗಿಟ್ಟು ಅವನೆದುರು ಕೂತು ಅದೂ ಇದೂ ಮಾತಾಡಿದೆ. ಎರಡು ದಿನವೂ ನೀರು ಒಂದಿಷ್ಟೂ ತಣ್ಣಗಾಗಲಿಲ್ಲ. ಮಗ ಬಂದವನು, “ಎರಡು ದಿನದಿಂದ ಸ್ಟೂಲು ಬಿಸಿ ಮಾಡಿದ್ದೀರಿ, ನೀರಿಗೇನು ಮಾಡಿದ್ರಿ?” ಎಂದ. ಮೇಸ್ತ್ರಿ, “ಇನ್ನೂ ಬೆಕ್ಕು ಬಂದಿಲ್ಲ ಸ್ವಾಮಿ” ಎಂದ. “ನಮ್ಮನೇಲಿ ಬೆಕ್ಕು ಸಾಕಿಲ್ಲ. ನೀವು ಹೊರಡಿ.” ಮೇಸ್ತ್ರಿ ಥರ್ಮಾಮೀಟರನ್ನು ಒರೆಸಿ ಬಟ್ಟೆ ಸುತ್ತಿ ಜೇಬಿಗಿಟ್ಟ. ಹೊರಡುವಾಗ ಒಂದೇ ಮಾತು ಹೇಳಿದ: “ದೊಡ್ಡಮ್ಮ ಲೆಕ್ಕ ತಪ್ಪದೆ ಹೇಳ್ತಾರೆ ಸ್ವಾಮಿ. ಸುಳ್ಳಾದ್ರೆ ದಿನಾ ಒಂದೊಂದು ಥರ ಇರ್ತಿತ್ತು.” ಮಗನಿಗೆ ಅದು ಸೋತವನ ಮಾತಿನಂತೆ ಕೇಳಿಸಿತು. ನಾನು ಅಲ್ಲೇ ನಿಂತಿದ್ದೆ. ಇನ್ನೊಂದು ದಿನ ಇರಲಿ ಕಣೋ ಎಂದು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಮರುದಿನ ಮಗ ಕರೆಸಿದ ಬೇರೊಬ್ಬ ಮೇಸ್ತ್ರಿ ಬಲು ಕೈಚುರುಕಿನವನು. ಹಾಡು ಗುನುಗುತ್ತ ಬಂದು, ಊಟದ ಹೊತ್ತಿಗೆ ಹಳೆಯ ಗೀಸರನ್ನು ಕಿತ್ತು ಹೊಸದನ್ನು ಕೂರಿಸಿ ಹೋದ. ನಾಲ್ಕನೆಯ ದಿನ ಅಕ್ಕ ಮತ್ತೆ ಕಿರುಚಿದಳು.

ಆ ಕೂಗು ಅವಳಿಗೇ ಮುಳುವಾಯಿತು. ಹೊಸ ಯಂತ್ರ ಬಂದ ಮೇಲೂ ತಣ್ಣೀರು ಅನ್ನುತ್ತಾಳೆಂದರೆ ಕೆಟ್ಟಿರುವುದು ಯಂತ್ರವಲ್ಲ ಎಂದು ಮನೆಯೆಲ್ಲ ಒಪ್ಪಿಕೊಂಡಿತು. “ದೊಡ್ಡಮ್ಮಂಗೆ ವಯಸ್ಸಾಯ್ತಮ್ಮ, ಇನ್ನು ಮನೇಲಿ ಇಟ್ಕೊಂಡು ನೋಡ್ಕೊಳ್ಳೋಕೆ ಆಗಲ್ಲ” ಎಂದು ಮಗ ತಗ್ಗಿದ ದನಿಯಲ್ಲಿ ಹೇಳಿ, ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯ ಅರ್ಜಿ ತಂದು ಕಪಾಟಿನ ಮೇಲಿಟ್ಟ. ತಿಂಗಳ ಕೊನೆಗೆ ಕರೆದೊಯ್ಯುವುದೆಂದು ಮಾತಾಯಿತು. ಅಕ್ಕನಿಗೆ ಬೆರಳು ಹಿಡಿದಿದ್ದವೇ ಹೊರತು ಕಿವಿ ಚೆನ್ನಾಗಿತ್ತು. ಮರುದಿನದಿಂದ ಅವಳು ಕಿರುಚುವುದನ್ನು ಬಿಟ್ಟಳು. ನೀಲಿಗಟ್ಟಿದ ತುಟಿ ಕಚ್ಚಿಕೊಂಡು ಬಚ್ಚಲಿನಿಂದ ಬಂದು, “ಚೆನ್ನಾಗಿತ್ತು ಕಣೇ, ಬಿಸಿ ಬಿಸಿಯಾಗಿತ್ತು” ಎನ್ನುವಳು. ಅವಳ ಬೆನ್ನು ಒರೆಸುವಾಗ ನನ್ನ ಅಂಗೈಗೆ ತಗುಲಿದ ಆ ತಣುಪು, ಹುಚ್ಚು ಅಂಥ ತಣುಪನ್ನು ತರಲಾರದು ಎಂದು ನನ್ನಂಥ ಮಂಕುದಿಣ್ಣೆಗೂ ಹೇಳಿತು. ಯಾರಿಗೂ ತಿಳಿಸದೆ ಮೇಸ್ತ್ರಿಯ ಬಾಗಿಲಿಗೆ ಹೋದೆ.

ಅವನು ಬೇರೆಯವನಾಗಿದ್ದರೆ, ಈಗ ನೆನಪಾಯಿತೇ ಎನ್ನುತ್ತಿದ್ದ. ಇವನು ಕೋಟು ಹಾಕಿಕೊಂಡ. ದಾರಿಯಲ್ಲಿ ತನ್ನ ಆಮೆಹೆಜ್ಜೆಗೆ ತಕ್ಕಂತೆ ಒಂದೊಂದೇ ಕೇಳುತ್ತ ಬಂದ. ರಜೆ ದಿನ ಬಟ್ಟೆ ಯಾರು ಒಗೀತಾರೆ? ಯಾರೂ ಇಲ್ಲ. ನಾನು ಕೂತಿದ್ದ ಎರಡು ದಿನ? ನೀವಿದ್ರಲ್ಲ, ಮುಂದಕ್ಕೆ ಹಾಕಿದೆ. ಅಲ್ಲಿಗೆ ಅವನು ನಡುಬೀದಿಯಲ್ಲಿ ನಿಂತುಬಿಟ್ಟ.

“ನನ್ನ ಮರ್ಯಾದೆ ಮಾಡೋಕೆ ಹೋಗಿ ಬೆಕ್ಕನ್ನೇ ಕಟ್ಟಿಹಾಕಿದ್ರಿ ಅಮ್ಮಾ! ಇವತ್ತು ನಾನಿಲ್ಲ ಅಂತ ತಿಳ್ಕೊಳ್ಳಿ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ಒಂದು ಕೈ ಹೆಚ್ಚಿಲ್ಲ, ಒಂದು ಕೈ ಕಮ್ಮಿ ಇಲ್ಲ.”

ನಾನು ಹಿತ್ತಿಲಿಗೆ ಹೋದೆ. ಅಲ್ಲಿ ಬಿಸಿಗೊಂದು ತಣ್ಣಗಿನದಕ್ಕೊಂದು ಎರಡು ತಿರುಪಿರುವ ನಲ್ಲಿ. ಅದಕ್ಕೊಂದು ರಬ್ಬರು ಕೊಳವೆ, ಕೊಳವೆಯ ತುದಿಗೆ ಒತ್ತಿದರೆ ನೀರು ಬಿಡುವ, ಕೈಬಿಟ್ಟರೆ ನಿಲ್ಲಿಸುವ ಹಿಡಿ. ಎರಡೂ ತಿರುಪು ತೆರೆದು, ಬಕೆಟು ತುಂಬಿಸಿ, ಹಿಡಿ ಬಿಟ್ಟು, ಬಟ್ಟೆ ತಿಕ್ಕತೊಡಗಿದೆ. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಬಚ್ಚಲಿನ ಶವರು ತೆರೆದಿಟ್ಟು, ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತ. ಗೋಡೆಯ ಮೇಲಿನ ಒಂದು ಪೈಪಿಗೆ ಕೋಲು ಹಚ್ಚಿ ಆಲಿಸಿದ. ಆಮೇಲೆ, “ಕೈ ಇಡಿ” ಎಂದ. ಇಟ್ಟೆ.

“ಹೇಗಿದೆ?”

“ತಣ್ಣಗಿದೆ.”

“ಅದು ಬಿಸಿನೀರಿನ ಪೈಪು ಅಮ್ಮಾ.”

ಅವನು ವಿವರಿಸಿದ್ದು ಇಷ್ಟು. ಹಿಡಿ ಬಿಟ್ಟರೆ ನೀರು ನಿಂತಂತೆ ಕಾಣುತ್ತದೆ. ತಿರುಪುಗಳೆರಡೂ ತೆರೆದೇ ಇರುತ್ತವೆ. ಟ್ಯಾಂಕಿನಿಂದ ರಭಸವಾಗಿ ಬರುವ ತಣ್ಣೀರಿಗೆ ಹೊರದಾರಿ ಮುಚ್ಚಿದ್ದರಿಂದ, ಅದು ಪಕ್ಕದ ತಿರುಪಿನ ಮೂಲಕ ಬಿಸಿನೀರಿನ ಪೈಪಿನೊಳಗೆ ನುಗ್ಗಿ, ಬಚ್ಚಲಿನಲ್ಲಿ ಕೂತವಳ ತಲೆಯ ಮೇಲೆ ಸುರಿಯುತ್ತದೆ. ಹಾಗಾದರೆ ನಾನು ಓಡಿಹೋದಾಗ ಬಿಸಿ ಹೇಗೆ? ಕೇಳುವ ಮೊದಲೇ ನನಗೆ ಉತ್ತರ ಗೊತ್ತಾಗಿತ್ತು. ನಲ್ಲಿ ಬಿಟ್ಟು ಜಾಗ ಬಿಡಬಾರದೆಂದು ನನ್ನ ತಾಯಿ ಕಲಿಸಿದ್ದಳು. ಅಕ್ಕ ಕೂಗಿದೊಡನೆ ಎರಡೂ ತಿರುಪು ಮುಚ್ಚಿಯೇ ನಾನು ಓಡುತ್ತಿದ್ದುದು. ನಾನು ತಲುಪುವಷ್ಟರಲ್ಲಿ ಅವಳ ಮಾತು ಸುಳ್ಳಾಗುತ್ತಿತ್ತು.

ಒದ್ದೆ ಕಲ್ಲಿನ ಮೇಲೆ ಹಾಗೇ ಕೂತುಬಿಟ್ಟೆ. ಮೇಸ್ತ್ರಿ ಬಾಗಿಲಿಗೆ ಹೋಗಿ, ಮೊದಲ ಬಾರಿಗೆ ಸ್ಪ್ಯಾನರಿನ ಚೀಲವನ್ನು ಒಳಗೆ ತಂದ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಎರಡು ವಾಲ್ವುಗಳನ್ನು ಹಿತ್ತಿಲಿನ ಪೈಪುಗಳಿಗೆ ಹಾಕಿದ. ಗಂಟೆಯೊಳಗೆ ಕೆಲಸ ಮುಗಿಯಿತು. ಆದರೂ ಹೊರಡಲಿಲ್ಲ, ಸಂಜೆ ಮಗ ಬರುವವರೆಗೆ ಅದೇ ಹೊಸ್ತಿಲ ಬಳಿ ಕಾದ. ಮಗ ಬಂದು ಹುಬ್ಬು ಗಂಟಿಕ್ಕಿದೊಡನೆ ಎದ್ದುನಿಂತು ಹೇಳಿದ: “ದೋಷ ಪೈಪಿನಲ್ಲಿತ್ತು ಸ್ವಾಮಿ. ದೊಡ್ಡಮ್ಮ ಹೇಳಿದ್ದು ಅಕ್ಷರಕ್ಷರ ನಿಜ. ಇದನ್ನ ನಿಮ್ಮ ಮುಖ ನೋಡಿ ಹೇಳಿ ಹೋಗೋಣ ಅಂತ ಕೂತಿದ್ದೆ. ಹೌದೋ ಅಲ್ವೋ?”

ಹೇಳುವಾಗ ಅವನು ಒಂದು ಕ್ಷಣ ನನ್ನ ಕಡೆ ತಿರುಗಿದ. ದೋಷ ಪೈಪಿನದಲ್ಲ, ನನ್ನ ಕೈಯದು; ಅದನ್ನು ಹೇಳುವ ಹಕ್ಕನ್ನು ಅವನು ನನಗೇ ಬಿಟ್ಟಿದ್ದ. ನಾನು ನೆಲ ನೋಡಿದೆ. ಮಗ ಕಪಾಟಿನ ಮೇಲಿದ್ದ ಅರ್ಜಿಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಅಕ್ಕ ಮಂಚದ ಮೇಲೆ ಕೂತು ಎಲ್ಲವನ್ನೂ ಕೇಳುತ್ತಿದ್ದಳು.

ಆಮೇಲಿನ ಮೂರು ವರ್ಷ, ಬೀದಿಯಲ್ಲಿ ಎದುರಾದಾಗಲೆಲ್ಲ ಮೇಸ್ತ್ರಿ, “ದೊಡ್ಡಮ್ಮ ಹೇಗಿದ್ದಾರೆ?” ಎನ್ನುವನು. ನೀವು ಹೇಳಿದ್ರಾ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕಾಯುವುದು ಅವನ ಕಸುಬು, ಕಾದ. ಆಮೆಯ ಆಯಸ್ಸು ಅವನಿಗೆ ಬರಲಿಲ್ಲ. ಹೋದ ತಿಂಗಳು, ಯಾರದೋ ಮನೆಯ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತವನು ಮತ್ತೆ ಏಳಲಿಲ್ಲ. ಆ ಮನೆಯವರು ಬಹಳ ಹೊತ್ತು, ಮೇಸ್ತ್ರಿ ಆಲಿಸುತ್ತಿದ್ದಾನೆಂದೇ ತಿಳಿದಿದ್ದರಂತೆ.

ಸುದ್ದಿ ಬಂದ ದಿನ ಅಕ್ಕನಿಗೆ ಎಲ್ಲವನ್ನೂ ಹೇಳಿದೆ: ತಿರುಪು, ಹಿಡಿ, ನನ್ನ ಓಟ, ಮೂರು ವರ್ಷದ ನನ್ನ ಮೌನ. ಬೈಯುತ್ತಾಳೆಂದುಕೊಂಡಿದ್ದೆ; ಬೈದಿದ್ದರೆ ಚೆನ್ನಾಗಿತ್ತು.

“ನಲ್ಲಿ ಹಾಳಾಗ್ಲಿ ಬಿಡೆ” ಅಂದಳು. “ಗೊತ್ತಿಲ್ದೆ ಮಾಡಿದ್ದಕ್ಕೆ ಯಾರು ಏನಂತಾರೆ. ಸೋಪು ಬಳ್ಕೊಂಡು ನಡುಗ್ತಾ ಕೂತಿದ್ನಲ್ಲ, ನೀನು ನೀರಿಗೆ ಕೈ ಒಡ್ಡಿದೆ. ನನ್ನ ಮೈ ಮುಟ್ಟಿ ನೋಡಲಿಲ್ಲ.”

ಕೆಡುಕು ಕಣ್ಣಿಗೆ ಬೀಳುವವರೆಗೆ ಕೈ ಚಾಚದ ಜನ ಲೋಕದಲ್ಲಿ ಬಹಳವಿಲ್ಲ. ಅವರ ನಿಧಾನವನ್ನು ನಾವು ಅಜ್ಞಾನವೆನ್ನುತ್ತೇವೆ, ಮೌನವನ್ನು ಸೋಲೆನ್ನುತ್ತೇವೆ. ಅಂಥವರು ಯಂತ್ರವನ್ನು ನಂಬುವ ಮೊದಲು ನೊಂದವರ ಮಾತನ್ನು ನಂಬುತ್ತಾರೆ. ತಪ್ಪು ಹಿಡಿದ ಮೇಲೆ ತಪ್ಪಿತಸ್ಥರನ್ನು ಹಿಡಿದುಕೊಡುವುದಿಲ್ಲ, ಅವರವರ ಪಾಲಿನ ಮಾತನ್ನು ಅವರವರಿಗೇ ಬಿಟ್ಟು ಹೋಗುತ್ತಾರೆ. ಆ ಮಾತನ್ನು ಹೊತ್ತಿಗೆ ಸರಿಯಾಗಿ ಆಡುವುದು ಉಳಿದವರ ಕೆಲಸ. ನಾವು ಅದನ್ನು ಮುಂದಕ್ಕೆ ಹಾಕುತ್ತೇವೆ.

ಅಕ್ಕ ಕುರ್ಚಿಯಲ್ಲಿ ಗೋಡೆಯ ಕಡೆ ತಿರುಗಿ ಕೂತಳು. ಅವಳ ಹಾಸಿಗೆಯ ಹೊದಿಕೆ ಬದಲಿಸುವ ದಿನ ಅದು. ನಾನು ಹಳೆಯದನ್ನು ಎಳೆದು, ಒಗೆದದ್ದನ್ನು ಕೊಡವಿ ಹಾಸಿ, ಸುಕ್ಕನ್ನು ಅಂಗೈಯಿಂದ ತೀಡಿ, ನಾಲ್ಕು ಮೂಲೆಯನ್ನೂ ಒಂದೊಂದಾಗಿ ಹಾಸಿಗೆಯ ಅಡಿಗೆ ಸೇರಿಸಿದೆ.