ತುಳಿದ ಅರ್ಧ

ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಗ್ಗಿದವಳು ಹಾಗೆಯೇ ನಿಂತಳು. ಅಂಗಳದ ಬಲ ಅರ್ಧ ಹಸಿರಾಗಿತ್ತು. ಎಡ ಅರ್ಧ ಒಣಗುತ್ತಿತ್ತು.

ಗಂಡನ ಅಂತ್ಯಕ್ರಿಯೆಯಾಗಿ ಹನ್ನೆರಡು ದಿನ. ಕೊನೆಯ ನೆಂಟರು ನಿನ್ನೆ ಸಂಜೆ ಹೊರಟಿದ್ದರು. ಇನ್ನು ಅವಳು, ಅತ್ತೆ, ಎರಡೇ ಲೋಟ.

ಸಾಯುವ ಹಿಂದಿನ ದಿನ, ಭಾನುವಾರ, ಅವನು ಅಂಗಳದ ತುಂಬ ಗೇಣಿಗೊಂದರಂತೆ ಥೈಮ್ ಸಸಿ ನೆಟ್ಟಿದ್ದ. ನೆಲಕ್ಕಂಟಿ ಹರಿಯುವ ಜಾತಿ. ಎಲೆ ಅಕ್ಕಿಕಾಳಿನಷ್ಟು, ಉಜ್ಜಿದರೆ ಕೈಯೆಲ್ಲ ಘಮ. "ಹುಲ್ಲು ಕತ್ತರಿಸೋ ಕಾಟ ತಪ್ಪುತ್ತೆ," ಅಂದಿದ್ದ. ಸೋಮವಾರ ಬಸ್ ಡಿಪೋದಲ್ಲಿ, ತಾನು ರಿಪೇರಿ ಮಾಡುತ್ತಿದ್ದ ಎಂಜಿನ್ನಿನ ಪಕ್ಕದಲ್ಲೇ ಎದೆ ಹಿಡಿದು ಕುಸಿದ. ಅವನನ್ನು ಮನೆಗೆ ತಂದಾಗ ಇಡೀ ಡಿಪೋ ಬಂದು ಬಲಗಡೆಯ ಸಸಿಗಳ ಮೇಲೆ ನಿಂತಿತು. ಆ ದಿನ ಅವಳು ಮಾಡಿದ್ದು ಒಂದೇ ಕೆಲಸ. ಎಡ ಅರ್ಧವನ್ನಾದರೂ ಯಾರೂ ತುಳಿಯದಂತೆ ನಾಲ್ಕು ಕೋಲು ನೆಟ್ಟು ಹುರಿ ಸುತ್ತಿದಳು. "ಈ ಹೊತ್ತಲ್ಲಿ ಗಿಡದ ಚಿಂತೆ ನೋಡು," ಎಂದು ಯಾರೋ ಅಂದದ್ದೂ ಕೇಳಿಸಿತ್ತು.

ಅತ್ತೆ ಹಿಂದೆ ಬಂದು ನಿಂತರು. "ಎರಡಕ್ಕೂ ನಾನೇ ನೀರು ಹಾಕಿದ್ದು. ಕಾಯ್ದಿದ್ದು ಒಣಗಿ, ತುಳಿದಿದ್ದು ಚಿಗುರೋದಾ? ಕಾಲೇಜಲ್ಲಿ ಗಿಡದ್ದೇ ಪಾಠ ಮಾಡ್ತೀಯಲ್ಲೇ."

"ಇದು ಪಾಠದಲ್ಲಿಲ್ಲ, ಅತ್ತೆ."

ಹುರಿ ದಾಟಿ ಒಂದು ಸಸಿ ಎಳೆದಳು. ಸಲೀಸಾಗಿ ಬಂತು. ಅದರಡಿಯ ಪೊಳ್ಳಿನಲ್ಲಿ ಬೆರಳು ಪೂರ್ತಿ ಇಳಿಯಿತು. ಬಲಗಡೆಯದನ್ನು ಎಳೆದಳು. ಜಪ್ಪಯ್ಯ ಅಂದರೂ ಬರಲಿಲ್ಲ.

ಆಗ ಮೆಟ್ಟಿಲ ಕೆಳಗಿದ್ದ ಎರಡು ಹಲಗೆಗಳು ನೆನಪಾದವು. ಮೊರದಗಲದವು, ಹಳೇ ಟೈರ್ ಟ್ಯೂಬಿನ ರಬ್ಬರ್ ಪಟ್ಟಿ ಹೊಡೆದವು. ಏನಕ್ಕೆಂದು ಅವಳು ಕೇಳಿರಲಿಲ್ಲ. ಒಂದರ ಮೇಲೆ ಗಂಡನದೇ ಅಕ್ಷರದಲ್ಲಿ ಸೀಮೆಸುಣ್ಣದ ಬರಹ: ತಾತಂದು, ಮಂಗಳವಾರ ವಾಪಸ್. ಅದನ್ನು ಕಂಕುಳಲ್ಲಿಟ್ಟುಕೊಂಡು, ಅವನು ಸಸಿ ತಂದಿದ್ದ ಬೀದಿಯ ಕೊನೆಯ ನರ್ಸರಿಗೆ ನಡೆದಳು.

"ಒಂದೇ ತಂದ್ಯೇನಮ್ಮ? ನನಗಿರೋದು ಎರಡು ಕಾಲು," ಅಂದರು ನರ್ಸರಿ ತಾತ. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. "ಬಂದು ಕೇಳೋಣ ಅಂದ್ಕೊಂಡೆ. ಇಂಥ ಹೊತ್ತಲ್ಲಿ ಹಲಗೆ ಕೇಳೋಕೆ ಬಂದ ಮುದುಕ ಅಂತೀರಿ ಅಂತ ಸುಮ್ನಾದೆ."

"ಇದು ಏನಕ್ಕೆ, ತಾತ?"

"ತುಳಿಯೋಕೆ. ಕಾಲಿಗೆ ಕಟ್ಕೊಂಡು, ನೆಟ್ಟ ಎರಡನೇ ದಿನ ಒಂದು ಸಲ. ಮಣ್ಣು ಕೂರದಿದ್ರೆ ಬೇರು ಗಾಳೀಲಿ ನೇತಾಡ್ತದೆ. 'ಮನೇಲಿ ಗಿಡ ಓದಿದೋರು ಇದ್ದಾರಲ್ಲಪ್ಪಾ' ಅಂದೆ ನಿನ್ನ ಯಜಮಾನನಿಗೆ. 'ಅವಳಿಗೆ ಗಿಡದ ಜಾತಕ ಗೊತ್ತು ತಾತ, ಹಸಿವು ಗೊತ್ತಿಲ್ಲ' ಅಂದ."

ಅವಳು ಹಲಗೆಯ ಪಟ್ಟಿಯನ್ನು ಎಳೆದು ಬಿಟ್ಟಳು. "ಒಣಗ್ತಿರೋದು ಉಳಿಯುತ್ತಾ?"

"ಕಾಂಡ ಉಗುರಲ್ಲಿ ಗೀರಿ ನೋಡು. ಒಳಗೆ ಹಸಿರಿದ್ರೆ ನೀರು ಹಾಕಿ ತುಳಿ. ಕನಿಕರ ಬೇಡ."

ಮನೆಗೆ ಬಂದು ಗೀರಿದಳು. ಕೆಲವು ಒಳಗೂ ಕಂದು. ಹೆಚ್ಚಿನವು ಹಸಿರು. ನೀರು ಹಾಕಿದಳು, ಹುರಿ ಬಿಚ್ಚಿದಳು, ಎರಡೂ ಹಲಗೆ ಕಾಲಿಗೆ ಕಟ್ಟಿಕೊಂಡಳು. ಮೊದಲ ಸಸಿಯ ಮೇಲೆ ಕಾಲಿಡಲು ತುಂಬ ಹೊತ್ತು ಹಿಡಿಯಿತು. ಇಟ್ಟಳು. ಘಮ ಎದ್ದಿತು.

"ಬಾತುಕೋಳಿ ಥರ ಕಾಣ್ತೀಯ," ಅಂದರು ಅತ್ತೆ ಬಾಗಿಲಿನಿಂದ. ಆಮೇಲೆ ಸೀರೆ ತುಸು ಎತ್ತಿ, ಬರಿಗಾಲಲ್ಲಿ ಇನ್ನೊಂದು ತುದಿಯಿಂದ ತುಳಿಯುತ್ತ ಬಂದರು. ನಡುವೆ ಎದುರಾದಾಗ ಇಬ್ಬರೂ ತಿರುಗಿ ಪಕ್ಕದ ಸಾಲು ಹಿಡಿದರು.

ಮಂಗಳವಾರ ಬೆಳಿಗ್ಗೆ ಎಡ ಅರ್ಧದ ಸಸಿಯೊಂದನ್ನು ಎಳೆದು ನೋಡಿದಳು. ಬರಲಿಲ್ಲ.

ಎರಡೂ ಹಲಗೆ ಹಿಡಿದು ನರ್ಸರಿಗೆ ಹೋದಳು. "ತೊಳೆದು ತರಬೇಕಿತ್ತು," ಅಂದಳು.

"ಇರಲಿ ಬಿಡಮ್ಮ."

ತಾತ ಹಲಗೆಗಳನ್ನು ಗೋಡೆಯ ಮೊಳೆಗೆ ಹಾಕಿದರು. ಬರಹದ ಬದಿ ಹೊರಗೆ ಬಂತು. ಅವಳ ಹಿಮ್ಮಡಿಗೆ ಸಿಕ್ಕು ಅರ್ಧ ಅಳಿಸಿತ್ತು. ಅವರು ಒಂದು ಗಳಿಗೆ ಅದನ್ನೇ ನೋಡಿ, ಹಲಗೆ ತಿರುಗಿಸಿದರು. ಈಗ ಅಡಿಭಾಗ ಕಾಣುತ್ತಿತ್ತು. ಒಣಗಿದ ಮಣ್ಣು, ಮಣ್ಣಿಗೆ ಅಂಟಿಕೊಂಡ ಅಕ್ಕಿಕಾಳಿನಷ್ಟು ಎಲೆಗಳು.