ಹೊರಬೀಡು

ನನ್ನ ಹಿತ್ತಲಿನ ರೂಮಿನಲ್ಲಿ ಯಾರನ್ನು ಇಟ್ಟುಕೊಳ್ಳಬೇಕು ಎಂದು ಊರಿನವರು ನನಗೆ ಹೇಳಿಕೊಡಬೇಕಾಗಿಲ್ಲ. ಈ ಮಾತನ್ನು ನನ್ನ ಮೈದುನ ಅಪ್ಪಯ್ಯಣ್ಣನ ಮುಖಕ್ಕೇ ಹೇಳಿದ್ದೆ. ಅವನು ಪಂಚಾಯಿತಿ ಮೆಂಬರಾದರೆ ಅವನ ಮನೆಗೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಮೂಗು ಸುರಿಸಿಕೊಂಡು ಓಡಾಡುತ್ತಿದ್ದ. ತಲೆಗೆ ಎಣ್ಣೆ ಹಚ್ಚಿ ಸ್ಕೂಲಿಗೆ ಕಳಿಸುತ್ತಿದ್ದವಳು ನಾನು.

ರೂಮಿನಲ್ಲಿದ್ದವರು ದಿಪೇನ್ ಮತ್ತು ಅವನ ಹೆಂಡತಿ ಜೋನಾಲಿ. ಅಸ್ಸಾಮಿನವರು, ರಾಭಾ ಎಂಬ ಜನ. ಗಂಡನಿಗೆ ನೆಲಮಂಗಲದ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಜೋನಾಲಿ ನನ್ನ ಪಕ್ಕ ಕೂತು ಗಂಟಿಲ್ಲದ ಹಾಗೆ ಮುದ್ದೆ ತಿರುವುವುದನ್ನು ಕಲಿತಿದ್ದಳು. ಅವಳು ಒಣಮೀನು ಹುರಿದರೆ ಬೀದಿಗೆಲ್ಲ ವಾಸನೆ ಹೊಡೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು, ಆಮೇಲೆ ನನಗೂ ಒಂದು ತುಂಡು ತಂದುಕೊಡುತ್ತಿದ್ದಳು.

ಈಗ ಅವಳು ತುಂಬು ಬಸುರಿ. ಹಿಂದೆ ಇದ್ದ ಊರಿನಲ್ಲಿ ರಾತ್ರೋರಾತ್ರಿ ಮನೆ ಖಾಲಿ ಮಾಡಿಸಿದ್ದರಂತೆ. ಮೂಟೆ ಹೊತ್ತುಕೊಂಡು ಬಸ್ಸಿಂದ ಬಸ್ಸಿಗೆ ಅಲೆಯುವಾಗ ಹೊಟ್ಟೆಯಲ್ಲಿದ್ದದ್ದು ಹೋಯಿತಂತೆ. ಅದಕ್ಕೇ ಅವಳು ನನ್ನಲ್ಲಿ ಕೇಳಿದ್ದು ಒಂದೇ, ಹೆರಿಗೆಯಾಗುವ ತನಕ ಈ ರೂಮು ಇರಲಿ ಎಂದು.

"ನಾನ್ ಬದುಕಿರೋ ಗಂಟ ನಿನ್ನ ಯಾವನ್ ಕದಲಿಸ್ತಾನೋ ನಾನೂ ನೋಡ್ತೀನಿ," ಎಂದು ಮಾತು ಕೊಟ್ಟಿದ್ದೆ.

ಅಷ್ಟರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂತು. ಸೊಳ್ಳೆಯಿಂದ, ಉಣ್ಣೆಯಿಂದ ಹರಡುತ್ತದೆ, ಚುಚ್ಚುಮದ್ದು ಹಾಕಿಸಿ ಎಂದು ದನದ ಡಾಕ್ಟರು ಹೇಳಿ ಹೋದರು. ಊರಿಗೆ ಆ ಮಾತು ಸಪ್ಪೆ ಅನ್ನಿಸಿರಬೇಕು. ಬಾಂಗ್ಲಾದವರು ಕಾಲಿಟ್ಟ ಮೇಲೇ ಹೀಗಾಗಿದ್ದು ಎಂದು ಡೇರಿಯ ಹತ್ತಿರ ಮಾತು ಶುರುವಾಯಿತು. ಅಸ್ಸಾಂ ಅಂದರೆ ನಮ್ಮ ದೇಶವೇ ಕಣ್ರೋ ಎಂದು ಬಾಯಿ ನೋಯುವ ತನಕ ಹೇಳಿದೆ. ಮುಖ ನೋಡಿದರೆ ಗೊತ್ತಾಗಲ್ವಾ ಎಂದರು. ನೀರಿನ ಘಟಕದಲ್ಲಿ ಜೋನಾಲಿಯ ಕ್ಯಾನನ್ನು ಸಾಲಿನಿಂದ ಎತ್ತಿ ಆಚೆ ಇಟ್ಟರು. ನನ್ನ ಮಗನಿಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರೂ ಕಾರಣ ಹೇಳದೆ ಸಂಬಂಧ ಬೇಡ ಎಂದು ಹೇಳಿ ಕಳಿಸಿದರು. ಒಂದು ದಿನ ಬೆಳಿಗ್ಗೆ ನೋಡಿದರೆ, ಸತ್ತ ಹಸುವಿನ ಕೊರಳಿಂದ ಬಿಚ್ಚಿದ ಹಗ್ಗವನ್ನು ಅವರ ಬಾಗಿಲ ಚಿಲಕಕ್ಕೆ ಕಟ್ಟಿದ್ದರು. ನಾನು ಬೀದಿಯಲ್ಲಿ ನಿಂತು ಅವರ ವಂಶವನ್ನೆಲ್ಲ ಜಾಲಾಡಿದೆ. ಯಾರೂ ಆಚೆ ಬರಲಿಲ್ಲ.

ಅದಾದ ಮೇಲೆ ಬಾಯಿಗಳೆಲ್ಲ ಮುಚ್ಚಿಕೊಂಡವು. ನನ್ನ ಬೈಗುಳಕ್ಕೆ ಹೆದರಿದರು ಎಂದುಕೊಂಡೆ.

ಒಂದು ಸಂಜೆ ಅಪ್ಪಯ್ಯಣ್ಣ ನಗುನಗುತ್ತಾ ಬಂದು, ಜಗಲಿಯ ಮೇಲೆ ಕೂತು ಕಾಫಿ ಕೇಳಿದ. ಮಂಗಳವಾರ ಹೊರಬೀಡು ಇಟ್ಟಿದ್ದೇವೆ ಎಂದ. ನಮ್ಮ ಕಡೆ ಊರಿಗೆ ರೋಗ ರುಜಿನ ಬಂದರೆ ಮಾಡುವ ಪದ್ಧತಿ ಅದು. ಬೆಳಗಿನ ಜಾವವೇ ಮನೆಗಳಿಗೆ ಬೀಗ ಹಾಕಿ, ದನಕರು, ಕೈಕೂಸು ಸಮೇತ ಎಲ್ಲರೂ ಊರಾಚೆ ಹೋಗಬೇಕು. ಅಲ್ಲೇ ಒಲೆ ಹೂಡಿ ಅಡುಗೆ ಮಾಡಿ ಉಣ್ಣಬೇಕು. ಊರೊಳಗೆ ಒಂದು ನರಪಿಳ್ಳೆಯೂ ಇರಬಾರದು. ಹೊತ್ತು ಮುಳುಗುವಾಗ ಪೂಜಾರಿ ಒಂದೊಂದೇ ಮನೆಯ ಹೆಸರು ಕೂಗುತ್ತಾನೆ. ಊರ ಬಾಗಿಲಿಗೆ ಅಡ್ಡ ಹಾಕಿದ ಒನಕೆ ದಾಟಿ ಒಳಗೆ ಬರಬೇಕು. ಊರನ್ನು ಹಿಡಿದಿದ್ದ ಪೀಡೆ ಆಚೆಯೇ ಉಳಿಯುತ್ತದೆ. ಆಮೇಲೆ ಬಾಗಿಲಿಗೆ ಮುಳ್ಳು ಎಳೆದರೆ ಬೆಳಕು ಹರಿಯುವ ತನಕ ಯಾರೂ ದಾಟುವ ಹಾಗಿಲ್ಲ.

"ನಿಮ್ ರೂಮಿನೋರ್ನೂ ಕರ್ಕೊಂಡ್ ಬನ್ನಿ ಅತ್ತಿಗೆ," ಎಂದ. "ಊರಲ್ಲಿ ಇದ್ದ ಮೇಲೆ ಅವ್ರೂ ಬರ್ಲೇಬೇಕಲ್ವಾ."

ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಅಂತೂ ಅವರನ್ನೂ ಊರಿನವರು ಎಂದು ಒಪ್ಪಿಕೊಂಡರಲ್ಲ ಎಂದು ಜೋನಾಲಿಗೂ ಹೇಳಿದೆ. ದಿಪೇನನಿಗೆ ಇಷ್ಟವಿರಲಿಲ್ಲ, ಅವನು ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವನು. ನಾನೇ ಗದರಿಸಿ ಹೊರಡಿಸಿದೆ.

ಕೆರೆಯಾಚೆಯ ಹುಣಸೆ ತೋಪಿನಲ್ಲಿ ಎಲ್ಲ ಮನೆಯವರೂ ಒಲೆ ಹೂಡಿದ್ದರು. ಯಾರೂ ಜೋನಾಲಿಯನ್ನು ಒಂದು ಮಾತು ಅನ್ನಲಿಲ್ಲ. ಅವಳ ಹತ್ತಿರ ಯಾರೂ ಕೂರಲೂ ಇಲ್ಲ. ಪಕ್ಕದ ಮನೆಯ ಮುನಿತಾಯಮ್ಮ ಪಾಯಸ ತಂದು ನನಗೆ ಬಡಿಸಿ, ಜೋನಾಲಿಯ ಎಲೆಯನ್ನು ದಾಟಿಕೊಂಡು ಹೋದಳು. ದೇವರ ಕಾರ್ಯದಲ್ಲಿ ಜಗಳ ಬೇಡ ಎಂದು ನನ್ನ ಪಾಯಸವನ್ನು ಅವಳ ಎಲೆಗೆ ಸುರಿದೆ. ಬೆಳಿಗ್ಗೆ ನಮ್ಮ ಜೊತೆಯಲ್ಲೇ ಬಂದಿದ್ದ ನನ್ನ ಮಗ ಸುನಿಲ್‌ಕುಮಾರ್ ಊಟಕ್ಕೆ ಕಾಣಿಸಲಿಲ್ಲ. ಎಲ್ಲಿ ಎಂದು ಕೇಳಿದರೆ ಒಬ್ಬರೂ ನನ್ನ ಮುಖ ನೋಡಿ ಉತ್ತರ ಕೊಡಲಿಲ್ಲ.

ಹೊತ್ತು ಇಳಿದಾಗ ಊರ ಬಾಗಿಲಿಗೆ ಬಂದೆವು. ಬೇರೆ ದಾರಿಗಳಿಗೆಲ್ಲ ಬೆಳಿಗ್ಗೆಯೇ ಜಾಲಿ ಮುಳ್ಳು ಬಡಿದಿದ್ದರು. ಪೂಜಾರಿ ಮುನಿಶಾಮಪ್ಪ ಬೇವಿನ ಸೊಪ್ಪಿನಲ್ಲಿ ನೀರು ಚಿಮುಕಿಸುತ್ತಾ ಹೆಸರು ಕೂಗತೊಡಗಿದ. ಒಂದೊಂದೇ ಮನೆ ಒಳಗೆ ಹೋಯಿತು. ನಮ್ಮ ಹೆಸರು ಬರಲೇ ಇಲ್ಲ. ಎಲ್ಲರೂ ಹೋದ ಮೇಲೆ, ಕಟ್ಟಕಡೆಗೆ, ಲಕ್ಕಮ್ಮನ ಮನೆ ಎಂದು ಕೂಗಿದ. ನಾನು ಜೋನಾಲಿಯ ಕೈ ಹಿಡಿದು ಹೆಜ್ಜೆ ಇಟ್ಟೆ.

ಅಪ್ಪಯ್ಯಣ್ಣ ಒನಕೆಯ ಆಚೆಯಿಂದ ಕೈ ಅಡ್ಡ ಹಿಡಿದ.

"ಕರ್ದಿದ್ದು ನಿಮ್ಮನ್ನ ಅತ್ತಿಗೆ, ಅವ್ರನ್ನಲ್ಲ."

"ಅವ್ರೂ ನಮ್ಮನೆಯೋರೇ ಕಣೋ."

"ಆಚೆ ಹಾಕಿದ್ ಪೀಡೆನ ಯಾರಾದ್ರೂ ಕೈ ಹಿಡ್ದು ಒಳಗ್ ಕರ್ಕೊಂಡ್ ಬರ್ತಾರಾ?" ಅವನು ದನಿ ಏರಿಸಲೇ ಇಲ್ಲ.

ಆಗ ದಿಪೇನ್ ನನ್ನ ಭುಜ ಮುಟ್ಟಿ ರಸ್ತೆಯ ಬದಿಗೆ ಕೈ ತೋರಿಸಿದ. ಅಲ್ಲೊಂದು ಲಗೇಜ್ ಆಟೊ ನಿಂತಿತ್ತು. ಅದರಲ್ಲಿ ಅವರ ಹಾಸಿಗೆ, ಗ್ಯಾಸ್ ಒಲೆ, ಬಕೆಟ್ಟು, ಹುಟ್ಟುವ ಕೂಸಿಗೆಂದು ನನ್ನ ಹಳೇ ಸೀರೆಯಲ್ಲಿ ಹೊಲಿದಿಟ್ಟಿದ್ದ ಕೌದಿ. ಊರೊಳಗೆ ನರಪಿಳ್ಳೆ ಇರಬಾರದ ದಿನ ಇದನ್ನೆಲ್ಲ ಕಟ್ಟಿ ಏರಿಸಿದವರು ಯಾರು? ಬೀಗದ ಕೈ ಒಂದು ದಿಪೇನನ ಜೇಬಿನಲ್ಲಿತ್ತು. ಇನ್ನೊಂದು ಇದ್ದದ್ದು ನನ್ನ ಮನೆಯಲ್ಲಿ.

ಒಳಗಿನ ಗುಂಪಿನಲ್ಲಿ ಸುನಿಲ ತಲೆ ತಗ್ಗಿಸಿ ನಿಂತಿದ್ದ. ನೀನೇನಾ ಬಾಗಿಲು ತೆಗೆದದ್ದು ಎಂದು ಕೇಳಿದೆ.

"ಹೆಣ್ಣಿನ ಕಡೆಯೋರು ಇವ್ರನ್ನ ನೋಡೇ ಬೇಡ ಅಂದಿದ್ದು ಅವ್ವಾ. ಚಿಕ್ಕಪ್ಪ ಮಾತಾಡವ್ರೆ. ಖಾಲಿ ಮಾಡ್ಸಿದ್ರೆ ಕೊಡ್ತಾರಂತೆ."

ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನನ್ನ ಮಾತಿನ ಕತ್ತು ಕುಯ್ದು ನಿಂತಿದೆ. ಜೋನಾಲಿಯ ಕೈ ಬಿಟ್ಟು, ಒನಕೆ ದಾಟಿ ಹೋಗಿ, ಊರೆಲ್ಲ ನೋಡುತ್ತಿದ್ದ ಹಾಗೇ ಅವನ ಕೆನ್ನೆಗೆ ಬಾರಿಸಿದೆ. ಮತ್ತೂ ಬಾರಿಸಿದೆ. ಅವನು ತಪ್ಪಿಸಿಕೊಳ್ಳಲಿಲ್ಲ. ಯಾರೂ ಬಿಡಿಸಲಿಲ್ಲ. ನನ್ನ ಬೆನ್ನ ಹಿಂದೆ ಮುಳ್ಳಿನ ಕೊಂಬೆ ಎಳೆದ ಸದ್ದಾಯಿತು.

"ಎಲ್ಲಾ ಮನೇನೂ ಬಂತು," ಎಂದ ಮುನಿಶಾಮಪ್ಪ.

ತಿರುಗಿ ಓಡಿದೆ. ಎದೆಯೆತ್ತರಕ್ಕೆ ಜಾಲಿ ಮುಳ್ಳು ಬಿದ್ದಿತ್ತು. ಬರಿಗೈಯಲ್ಲಿ ಹಿಡಿದು ಎಳೆದೆ; ಬುಡ ಮೆಟ್ಟಿಕೊಂಡು ನಿಂತಿದ್ದ ಹುಡುಗರು ಕಾಲು ತೆಗೆಯಲಿಲ್ಲ. ನನಗೇನು ಗೊತ್ತಿರಲಿಲ್ಲವೇ, ಕಡೆಯ ಮನೆ ನಮ್ಮದೇ ಎಂದು. ಕೋಪದಲ್ಲಿ ಅದೊಂದು ತಲೆಗೆ ಹೊಳೆಯಲಿಲ್ಲ.

ಮುಳ್ಳಿನಾಚೆ ಜೋನಾಲಿ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತು ನನ್ನನ್ನು ಹುಡುಕುತ್ತಿದ್ದಳು. ಅವಳ ಕಣ್ಣಿಗೆ ನಾನು ಕಂಡೆ. ಊರಿನವರ ನಡುವೆ, ಊರೊಳಗೆ. ದಿಪೇನ್ ಅವಳ ರಟ್ಟೆ ಹಿಡಿದು ಆಟೊ ಕಡೆ ತಿರುಗಿಸಿದ. ನಿಲ್ಲು ತಾಯಿ, ನಾನು ಬರುತ್ತೇನೆ ಎಂದು ಕೂಗಿದೆ. ಅಷ್ಟರಲ್ಲಿ ತಮಟೆ ಶುರುವಾಗಿತ್ತು, ನನ್ನ ದನಿ ನನಗೇ ಕೇಳಲಿಲ್ಲ.

ಆಟೊ ಹತ್ತುವ ಮೊದಲು ಅವಳು ನನಗೆ ಕೈ ಮುಗಿದಳು. ನಾನೇ ಗದರಿಸಿ ಹೊರಡಿಸಿದ್ದೆನಲ್ಲ ಬೆಳಿಗ್ಗೆ. ಹೀಗೆ ಆಚೆ ಹಾಕುವುದಕ್ಕೇ ಕರೆದುಕೊಂಡು ಬಂದೆ ಎಂದೇ ಅವಳು ತಿಳಿದುಕೊಂಡಳು.