ಗೂಡಂಗಡಿಯಿಂದ ಎರಡನೇ ಮನೆ

ಅಮ್ಮನಿಗೆ ತಲೆ ಕೆಟ್ಟಿದೆ ಎಂದು ಬೀದಿಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ನಾನೂ ಮಾಡಿದ್ದೆ ಎಂದು ಹೇಳಲಾರೆ, ಮಾಡಿರಲಿಲ್ಲ ಎಂದೂ ಹೇಳಲಾರೆ. ಬಿರುಗಾಳಿ ಬಂದುಹೋದ ಮೇಲೆ ಯಾವುದನ್ನೂ ಗಟ್ಟಿಯಾಗಿ ಹೇಳುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ.

ಹೊಸ ಮನೆಗೆ ಕಾಲಿಟ್ಟ ದಿನವೇ ಇದು ಶುರುವಾಯಿತು. ಗಾರೆ ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ಹೊಲಿಗೆ ಯಂತ್ರವನ್ನು ಕಿಟಕಿಯ ಹತ್ತಿರ ಎಳೆದು, ಬೆಳಕು ಸೂಜಿಯ ಮೇಲೆ ಬೀಳುತ್ತದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಅಮ್ಮ ಹೊಸ್ತಿಲ ಆಚೆಯೇ ನಿಂತಳು.

"ಡ್ರೈವರ್ ಮನೇಲಿ ಯಾಕೆ ಸಾಮಾನು ಜೋಡಿಸ್ತಿದ್ದೀಯ?"

"ಡ್ರೈವರಣ್ಣನ ಮನೆ ಪಕ್ಕದ್ದಮ್ಮ. ಇದು ನಮ್ಮದು."

"ನಮ್ಮದು ಆ ಕಡೇದು," ಎಂದು ಇನ್ನೊಂದು ಪಕ್ಕದ ಇಸ್ತ್ರಿ ಅಕ್ಕನ ಮನೆಯ ಕಡೆ ಕೈ ತೋರಿಸಿದಳು. "ಬೇರೆಯವರ ಮನೇಲಿ ಹೀಗೆ ಹೇಳದೆ ಕೇಳದೆ ನುಗ್ಗಬಾರದು ಕಣೇ. ಏನಂದ್ಕೋತಾರೆ?"

ಹೊಸ ಮನೆ, ಹೊಸ ಗೋಡೆ, ಗುರುತು ಸಿಗುತ್ತಿಲ್ಲ, ಅಷ್ಟೇ ಎಂದುಕೊಂಡೆ. ನನಗೂ ಸಿಗುತ್ತಿರಲಿಲ್ಲ. ಅಮ್ಮನ ಮೇಲೆ ರೇಗಿ, ಕೈ ಹಿಡಿದು ಒಳಗೆ ಎಳೆದುಕೊಂಡೆ.

ನಮ್ಮ ಬೀದಿಯ ಲೆಕ್ಕ ಬಹಳ ಸುಲಭದ್ದು. ಬೀದಿಯ ತಲೆಗೆ ಕಟಿಂಗ್ ಮಾವನ ಗೂಡಂಗಡಿ. ಹಲಗೆಯ ಗೋಡೆ, ತಗಡಿನ ಮಾಡು, ಒಳಗೆ ಒಂದು ಕನ್ನಡಿ, ಒಂದು ಕುರ್ಚಿ, ಬಾಯಿ ತುಂಬ ಊರ ಸುದ್ದಿ. ಅಲ್ಲಿಂದ ಒಂದೇ ಅಳತೆಯ ಜಾಗಗಳು ಸಾಲಾಗಿ ಬರುತ್ತವೆ. ಮೊದಲನೆಯದು ಇಸ್ತ್ರಿ ಅಕ್ಕ ಮತ್ತು ಅವಳ ಗಂಡನದು, ಎರಡನೆಯದು ನಮ್ಮದು, ಮೂರನೆಯದು ಬಸ್ಸಿನ ಡ್ರೈವರಣ್ಣನದು, ಹಾಗೇ ಕೊನೆಯ ತನಕ. ಯಾರಾದರೂ ಹೊಲಿಸಲು ಬರುವವರು ದಾರಿ ಕೇಳಿದರೆ 'ಗೂಡಂಗಡಿಯಿಂದ ಎರಡನೇ ಮನೆ' ಎನ್ನುತ್ತಿದ್ದೆವು. ಅಂಚೆಯವನೂ ಹಾಗೇ ಎಣಿಸಿಕೊಂಡು ಬರುತ್ತಿದ್ದ. ಬೇರೆ ವಿಳಾಸ ನಮಗೆ ಯಾವತ್ತೂ ಬೇಕಾಗಿರಲಿಲ್ಲ.

ಬಿರುಗಾಳಿಯ ದಿನ ನಮ್ಮನ್ನೆಲ್ಲ ಗುಡ್ಡದ ಮೇಲಿನ ಶಾಲೆಗೆ ಸಾಗಿಸಿದ್ದರು. ನೀರು ಇಳಿದ ಮೇಲೆ ಬಂದು ನೋಡಿದರೆ ಬೀದಿಯೇ ಇರಲಿಲ್ಲ. ಮಣ್ಣಿನ ಗೋಡೆಗಳು ಕರಗಿಹೋಗಿದ್ದವು. ಕಂಬಗಳು ಉರುಳಿದ್ದವು. ಮೊಣಕಾಲುದ್ದದ ಕೆಸರು ಮರಳು ಒಂದೇ ಸಮನೆ ಹಾಸಿತ್ತು. ಅದರ ನಡುವೆ ಕಟಿಂಗ್ ಮಾವನ ಗೂಡಂಗಡಿ ಮಾತ್ರ ರಸ್ತೆಗೆ ಮುಖ ಮಾಡಿ ನೆಟ್ಟಗೆ ನಿಂತಿತ್ತು. ಬಾಗಿಲು ತೆರೆದರೆ ಕನ್ನಡಿ ಕೂಡ ಒಡೆದಿರಲಿಲ್ಲ! ಜನ ಮೂಗಿನ ಮೇಲೆ ಬೆರಳಿಟ್ಟರು. ಕೆಲವರು ಅದನ್ನು ಹಿಡಿದುಕೊಂಡು ಅತ್ತರು. ನಾನೂ ಅತ್ತೆ.

ಅವತ್ತಿನಿಂದ ಕಟಿಂಗ್ ಮಾವನನ್ನು ಹಿಡಿಯುವವರಿಲ್ಲ. "ಇಡೀ ಬೀದಿ ಹಾರಿಹೋಯ್ತು, ನನ್ನ ಅಂಗಡಿ ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ. ಯಾಕೆ ಹೇಳಿ? ಮೊಳೆ ಹೊಡೆದವನು ನಾನು," ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಪರಿಹಾರದ ಇಟ್ಟಿಗೆ, ತಗಡು ಬಂದಾಗ ಸಾಹೇಬರು ಕೇಳಿದರು, ಬೀದಿ ಎಲ್ಲಿಂದ ಶುರು? ಇಡೀ ಬೀದಿ ಒಂದೇ ಕಡೆ ಬೆರಳು ತೋರಿಸಿತು. ಡ್ರೈವರಣ್ಣ ಗೂಡಂಗಡಿಯ ಮೂಲೆಗೆ ಹಗ್ಗ ಕಟ್ಟಿದ, ಅಳೆದ, ಗೂಟ ಹೊಡೆದ. ಮೊದಲನೆಯದು, ಎರಡನೆಯದು, ಮೂರನೆಯದು. ಜಗಳವಿಲ್ಲ, ತಂಟೆಯಿಲ್ಲ. ಇಂಥ ಒಗ್ಗಟ್ಟು ಎಲ್ಲೂ ನೋಡಿಲ್ಲ ಎಂದು ಸಾಹೇಬರು ಹೊಗಳಿ ಹೋದರು.

ಒಬ್ಬರ ಮನೆಗೆ ಎಲ್ಲರೂ ಇಟ್ಟಿಗೆ ಹೊತ್ತೆವು. ನಾನು ಎಷ್ಟು ಬುಟ್ಟಿ ಮರಳು ಜರಡಿ ಹಿಡಿದೆನೋ, ಸೂಜಿ ಹಿಡಿಯುವ ಬೆರಳುಗಳು ಬಟ್ಟೆಯ ನಯವನ್ನೇ ಮರೆತುಬಿಟ್ಟವು.

ಮನೆ ಎದ್ದಿತು, ನೆಮ್ಮದಿ ಏಳಲಿಲ್ಲ. ಮೊದಲು ನಾನು ಯಂತ್ರದ ಮುಂದೆ ಕೂತು ಒಂದು ತೋಳು ಹೊಲಿದು ತಲೆ ಎತ್ತಿದರೆ ತಿರುವಿನಲ್ಲಿ ಬಸ್ಸು ಅರ್ಧ ಕಾಣುತ್ತಿತ್ತು. ಈಗ ಪೂರ್ತಿ ಕಾಣುತ್ತದೆ. ಬಸ್ಸು ದೊಡ್ಡದಾಯಿತೋ, ನನ್ನ ಕಣ್ಣು ಕೆಟ್ಟಿತೋ? ನಲ್ಲಿಯಿಂದ ಕೊಡ ಹೊತ್ತು ಬರುವಾಗ ಕಾಲು ತಾನಾಗಿ ಇಸ್ತ್ರಿ ಅಕ್ಕನ ಬಾಗಿಲಲ್ಲಿ ನಿಲ್ಲುತ್ತಿತ್ತು. ಒಂದು ಸಲ ಒಳಗೇ ಹೋಗಿ, ಅವಳ ಗಂಡ ಅಂಗಿ ಬದಲಿಸುತ್ತಿದ್ದುದನ್ನು ಕಂಡು, ಕೊಡ ಅಲ್ಲೇ ಚೆಲ್ಲಿ ಓಡಿ ಬಂದೆ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಡ್ರೈವರಣ್ಣನೂ ಕೆಲಸ ಮುಗಿಸಿ ಬಂದವನು ಸೀದಾ ನಮ್ಮ ಮನೆಗೆ ನುಗ್ಗಿ, ನನ್ನನ್ನು ನೋಡಿ, "ಅಯ್ಯೋ ತಂಗಿ" ಎಂದು ತಲೆ ಕೆರೆದುಕೊಂಡು ಹೊರಗೆ ಹೋಗುತ್ತಿದ್ದ.

"ಬಿರುಗಾಳಿ ತಲೆಯೊಳಗೂ ಬೀಸಿದೆ," ಎಂದು ಕಟಿಂಗ್ ಮಾವ ಕತ್ತರಿ ಆಡಿಸುತ್ತ ಹೇಳಿದ. "ಎಲ್ಲಾ ಸರಿಹೋಗುತ್ತೆ. ನನ್ನ ಅಂಗಡಿ ನೋಡ್ಕೊಳ್ಳಿ, ದಾರಿ ತಪ್ಪಲ್ಲ."

ನಾವು ನೋಡಿಕೊಂಡೆವು. ಅಮ್ಮ ಮಾತ್ರ ನೋಡಲಿಲ್ಲ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಹಾಗೆ ದಿನಾ ಮಧ್ಯಾಹ್ನ ಬಟ್ಟೆಗಂಟು ಕಂಕುಳಿಗೆ ಸಿಕ್ಕಿಸಿಕೊಂಡು ಹೋಗಿ ಇಸ್ತ್ರಿ ಅಕ್ಕನ ಬಾಗಿಲು ಬಡಿಯುತ್ತಿದ್ದಳು. "ನಮ್ಮನೆ ಬಾಗಿಲು ಯಾರು ಹಾಕಿದ್ದು? ತೆಗೀರಿ!"

ಇಸ್ತ್ರಿ ಅಕ್ಕ ಮೊದಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ನೋಡಮ್ಮ, ಸುಡುವ ಇಸ್ತ್ರಿಪೆಟ್ಟಿಗೆ ಇರೋ ಮನೆ ನಂದು. ನಿನ್ನ ತಾಯಿ ಬಂದು ಕೈ ಇಟ್ರೆ ನಾನೇನು ಮಾಡಲಿ? ಸ್ವಲ್ಪ ಕಟ್ಟಿಟ್ಟುಕೋ," ಎಂದಳು. ದನವೇ ಕಟ್ಟಿಡಲು? ಮೈ ಉರಿಯಿತು, ಆದರೆ ಯಾರ ಮೇಲೆ ಉರಿಯಬೇಕೆಂದು ಗೊತ್ತಾಗಲಿಲ್ಲ. ಹಳೆ ಮನೆಯಲ್ಲಿದ್ದಾಗ ಅವಳ ಗೋಡೆಗೂ ನಮ್ಮ ಗೋಡೆಗೂ ನಡುವಿನ ಬೂದಿಗುಂಡಿಯಿಂದ ಇದ್ದಿಲ ಪುಡಿ ಹಾರಿ, ನಾನು ಹೊಲಿದಿಟ್ಟ ಬಿಳಿ ಅಂಗಿಗಳ ಮೇಲೆ ಕೂರುತ್ತಿತ್ತು. ಆಗ ನಾನು ಹೇಳಿದ್ದು ಇದಕ್ಕಿಂತ ಖಾರವಾಗಿಯೇ ಇತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಸುದ್ದಿ ದೂರದ ಊರಿನಲ್ಲಿರುವ ಅಣ್ಣನಿಗೆ ಮುಟ್ಟಿತು. ಅವನ ಊರಿನಲ್ಲಿ ಮರೆವಿನ ಮುದುಕರನ್ನು ನೋಡಿಕೊಳ್ಳುವ ಒಂದು ಜಾಗವಿದೆಯಂತೆ. ಬಾಗಿಲಿಗೆ ಕಾವಲುಗಾರ ಇರುತ್ತಾನಂತೆ.

"ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ," ಎಂದು ಫೋನಿನಲ್ಲಿ ಹೇಳಿದ. "ನೀನು ಹೊಲಿಗೆ ನೋಡ್ತೀಯೋ ಅಮ್ಮನ್ನ ನೋಡ್ತೀಯೋ? ತನ್ನ ಮನೇನೇ ಗುರುತು ಹಿಡೀದವಳನ್ನ ಹೇಗೆ ಇಟ್ಕೋತೀಯ?"

"ಇದು ನಮ್ಮನೆ ಅಂತ ಅವಳು ನಿನ್ನೆದುರು ಒಂದು ಸಲ ಹೇಳಿದ್ರೆ?"

"ಹೇಳಿದ್ರೆ ಇರಲಿ. ನಂಗೇನು ಸಂತೋಷವೇ ಕರ್ಕೊಂಡು ಹೋಗೋಕೆ?"

ಅಂದಿನಿಂದ ಅಮ್ಮನಿಗೆ ಪಾಠ ಶುರುಮಾಡಿದೆ. ಇದು ಯಾರ ಮನೆಯಮ್ಮ? ಡ್ರೈವರ್ ಮನೆ. ಅಲ್ಲ, ನಮ್ಮ ಮನೆ ಅನ್ನು. ಅವಳದು ಹಿಡಿದ ಮೊಲಕ್ಕೆ ಮೂರೇ ಕಾಲು. ಬೈದೆ, ಮುದ್ದು ಮಾಡಿದೆ, ಅಣ್ಣ ಕರೆದುಕೊಂಡು ಹೋಗುತ್ತಾನೆ ಎಂದು ಹೆದರಿಸಿದೆ. ಆಗ ಅಮ್ಮ ನನ್ನ ಮುಖವನ್ನೇ ನೋಡುತ್ತ, "ಅವನಿಗೋಸ್ಕರ ಸುಳ್ಳು ಹೇಳ್ಲಾ?" ಎಂದಳು. ಅಷ್ಟು ಸ್ಪಷ್ಟವಾದ ಮಾತು. ಇವಳಿಗೆ ಏನೂ ಆಗಿಲ್ಲ ಎಂದು ನನ್ನ ಎದೆ ಉಬ್ಬಿತು. ಮರುಗಳಿಗೆಯೇ, ಎಂದೋ ಸತ್ತುಹೋದ ತನ್ನ ತಮ್ಮ ಊಟಕ್ಕೆ ಬಂದನೇ ಎಂದು ಕೇಳಿದಳು. ನನ್ನ ಉಬ್ಬಿದ ಎದೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಭಾನುವಾರ ಅಣ್ಣ ಬೆಳಗಿನ ಬಸ್ಸಿಗೇ ಬಂದ. ಅಮ್ಮ ಅವನನ್ನು ನೋಡಿ ನಕ್ಕಳು, ತಲೆ ಸವರಿದಳು, ಹೆಸರು ಹಿಡಿದೇ ಕರೆದಳು. ನನಗೆ ಜೀವ ಬಂತು. ಅಣ್ಣ ಅವಳ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದ, "ಅಮ್ಮ, ಮನೆ ಚೆನ್ನಾಗಿದೆಯಾ?"

"ಚೆನ್ನಾಗಿದೆ. ಡ್ರೈವರ್ ಪುಣ್ಯವಂತ."

ಅಣ್ಣ ನನ್ನ ಕಡೆ ನೋಡಲಿಲ್ಲ. ಎದ್ದು ಅಮ್ಮನ ಸೀರೆಗಳನ್ನು ಚೀಲಕ್ಕೆ ತುಂಬಿದ. ನಾನು ತಡೆಯಲಿಲ್ಲ. ತಡೆಯುವುದಕ್ಕೆ ಏನು ಹೇಳಬೇಕಿತ್ತು? ನನಗೂ ಈ ಮನೆಯಲ್ಲಿ ದಾರಿ ತಪ್ಪುತ್ತದೆ, ನನ್ನನ್ನೂ ಕರೆದುಕೊಂಡು ಹೋಗು ಎನ್ನಬೇಕಿತ್ತೇ?

ಅಷ್ಟರಲ್ಲಿ ಹೊರಗಿನಿಂದ ಡ್ರೈವರಣ್ಣ ಕೂಗಿದ. "ಯಾರಾದ್ರೂ ಇನ್ನೊಬ್ಬರು ಭುಜ ಕೊಡ್ರಪ್ಪಾ!" ಅವತ್ತು ಗೂಡಂಗಡಿಗೆ ಸಿಮೆಂಟಿನ ಕಟ್ಟೆ ಕಟ್ಟುವ ಕೆಲಸ. ಬೀದಿಯ ಮಾನ ಉಳಿಸಿದ ಅಂಗಡಿ, ಕೆಸರಲ್ಲಿ ಯಾಕೆ ನಿಲ್ಲಬೇಕು ಎಂದು ಎಲ್ಲರೂ ಸೇರಿ ಗೊತ್ತು ಮಾಡಿದ್ದರು. ಅಣ್ಣ ಚೀಲ ಇಟ್ಟು, ತೋಳು ಮಡಚಿ ಹೋದ. ನಾನು, ಬಟ್ಟೆಗಂಟು ಕಂಕುಳಿಗೆ ಸಿಕ್ಕಿಸಿಕೊಂಡಿದ್ದ ಅಮ್ಮನ ಕೈ ಹಿಡಿದುಕೊಂಡು ಹಿಂದೆಯೇ ಹೋದೆ.

ಗೂಡಂಗಡಿಯನ್ನು ಎತ್ತಿ ರಸ್ತೆಯ ಅಂಚಿಗೆ ಇಟ್ಟರು. ಕಟಿಂಗ್ ಮಾವ ಕನ್ನಡಿಯನ್ನು ಮಗುವಿನಂತೆ ತಬ್ಬಿಕೊಂಡು ಪಕ್ಕದಲ್ಲಿ ನಿಂತಿದ್ದ. ಡ್ರೈವರಣ್ಣ ಗುದ್ದಲಿ ಹಾಕಿ ಮೇಲಿನ ಮರಳು ಎಳೆದ. ಮೊಣಕಾಲುದ್ದ ಇಳಿದಾಗ ಮಣ್ಣು ಬೂದುಬಣ್ಣಕ್ಕೆ ತಿರುಗಿತು. ಇನ್ನೂ ಅಗೆದರೆ ಬೂದಿ, ಬೂದಿಯ ಕೆಳಗೆ ಬೂದಿ, ನಡುನಡುವೆ ಇದ್ದಿಲ ಚೂರು. ಒತ್ತಿ ಒತ್ತಿ ಗಟ್ಟಿಯಾದ, ವರ್ಷಗಟ್ಟಲೆ ಸುರಿದ ಬೂದಿ.

ಇಸ್ತ್ರಿ ಅಕ್ಕ ಗುಂಪಿನಲ್ಲಿ ನುಗ್ಗಿ ಮುಂದೆ ಬಂದಳು. ಬಗ್ಗಿ ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿದಳು.

"ಇದು ನನ್ನ ಬೂದಿಗುಂಡಿ," ಎಂದಳು.

"ನಿನ್ನ ಗುಂಡಿ ನನ್ನ ಅಂಗಡಿ ಕೆಳಗೆ ಯಾಕೆ ಬರುತ್ತೆ?" ಎಂದ ಕಟಿಂಗ್ ಮಾವ.

ಬೂದಿಗುಂಡಿ ಇದ್ದದ್ದು ಇಸ್ತ್ರಿ ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ. ಗುಂಡಿ ನಡೆದು ಬರುವುದಿಲ್ಲ. ಹಾಗಾದರೆ ಬಂದದ್ದು ಅಂಗಡಿ! ನೀರಿನಲ್ಲಿ ತೇಲಿ, ಒಂದು ಮನೆಯಷ್ಟು ದೂರ ಬಂದು, ಏನೂ ಆಗದ ಹಾಗೆ ರಸ್ತೆಗೆ ಮುಖ ಮಾಡಿ ನಿಂತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು, ಅದಕ್ಕೇ ಹಗ್ಗ ಕಟ್ಟಿ ಅಳೆದಿದ್ದೆವು. ಇಡೀ ಬೀದಿ ಒಂದು ಮನೆ ಆಚೆಗೆ ಸರಿದು ಕೂತಿತ್ತು. ಇಸ್ತ್ರಿ ಅಕ್ಕನ ಮನೆ ಎದ್ದದ್ದು ನಮ್ಮ ಜಾಗದಲ್ಲಿ. ನಮ್ಮದು ಎದ್ದದ್ದು ಡ್ರೈವರಣ್ಣನ ಜಾಗದಲ್ಲಿ.

"ಹಾಗಾದ್ರೆ ಇಷ್ಟು ದಿನ ನಾನು ಯಾರ ಮನೇಲಿ ಮಲಗ್ತಿದ್ದೆ?" ಎಂದು ಡ್ರೈವರಣ್ಣ ಕೇಳಿದ.

ಅಲ್ಲಿಂದ ಎಲ್ಲರ ಬಾಯೂ ಒಟ್ಟಿಗೇ ತೆರೆಯಿತು. ನಿನ್ನದು ನನ್ನದು, ನನ್ನದು ಅವನದು, ಕೊನೆಯವನದು ಯಾರದೂ ಅಲ್ಲ. ಅಂಗಡಿಯನ್ನು ಹಿಂದಕ್ಕಿಟ್ಟರೆ ಎಲ್ಲ ಸರಿಹೋಗುತ್ತದೆಯೇ ಎಂದು ಕಟಿಂಗ್ ಮಾವ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕೇಳಿದ. ಯಾರೋ ಹೌದೆಂದರು, ಯಾರೋ ಅದರಿಂದ ಇನ್ನೂ ಕೆಡುತ್ತದೆ ಎಂದರು. ನನಗೆ ಅದೊಂದೂ ಬೇಕಿರಲಿಲ್ಲ. ನನ್ನೊಳಗೆ ಒಂದೇ ಮಾತು ಕುಣಿಯುತ್ತಿತ್ತು. ಇಡೀ ಬೀದಿಗೆ ತಲೆ ಕೆಟ್ಟಿತ್ತು, ನನ್ನಮ್ಮನಿಗಲ್ಲ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಅಣ್ಣನ ಕೈ ಬೂದಿಯಾಗಿತ್ತು. ಅದೇ ಕೈಯಲ್ಲಿ ಮುಖ ಒರೆಸಿಕೊಂಡ. "ಅಮ್ಮ, ತಪ್ಪಾಯ್ತು ನಮ್ಮದು," ಎಂದ. ನನ್ನ ಕಡೆ ತಿರುಗಿ, "ಚೀಲ ಬಿಚ್ಚಿಬಿಡು," ಎಂದ.

ಇಸ್ತ್ರಿ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಅಮ್ಮನ ಎದುರು ನಿಂತಳು. ಕಣ್ಣು ತುಂಬಿತ್ತು. "ಬನ್ನಿ ದೊಡ್ಡಮ್ಮ. ಬಾಗಿಲು ತೆಗೆದೇ ಇದೆ. ಯಾವಾಗ ಬೇಕಾದ್ರೂ ಬನ್ನಿ, ನಾನಿನ್ನು ಒಂದು ಮಾತೂ ಆಡಲ್ಲ," ಎಂದು ತನ್ನ ಮನೆಗೆ ಕರೆದಳು. ನಾನು ಅಮ್ಮನನ್ನು ಒಳಗೆ ಕರೆದುಕೊಂಡು ಹೋದೆ. ಅಣ್ಣ ಚಪ್ಪಲಿ ಬಿಡುತ್ತ ಹೊರಗೇ ಉಳಿದ.

ಅಮ್ಮ ಯಾರನ್ನೂ ಕೇಳಲಿಲ್ಲ. ಇಸ್ತ್ರಿ ಮಾಡುವ ಮೇಜನ್ನು ಬಳಸಿಕೊಂಡು ಸೀದಾ ಹಿಂದಿನ ಮೂಲೆಗೆ ಹೋಗಿ, ಗಂಟು ಇಳಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಹಳೆ ಮನೆಯಲ್ಲಿ ಅವಳು ಕೂರುತ್ತಿದ್ದ ಮೂಲೆ ಅದೇ. ದೀರ್ಘವಾಗಿ ಉಸಿರು ಬಿಟ್ಟಳು. ಶಾಲೆಯಿಂದ ಇಳಿದು ಬಂದಮೇಲೆ ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ತಲೆ ಎತ್ತಿ, ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದಳು.

"ಯಾಕೆ ನಿಂತೇ ಇದ್ದೀಯಮ್ಮ? ಒಳಗೆ ಬಾ. ಯಾರ ಮನೆ ಹುಡುಗಿ ನೀನು?"

ನಗುತ್ತಿದ್ದಾಳೆಯೇ ಎಂದು ನೋಡಿದೆ. ತಮಾಷೆಯಲ್ಲ. ಮನೆಗೆ ಬಂದವರನ್ನು ಮಾತಾಡಿಸುವ ಅವಳ ಹಳೆಯ ಮರ್ಯಾದೆಯ ದನಿ ಅದು.

"ಪಕ್ಕದ ಮನೆಯವಳು," ಎಂದೆ.

"ಹೌದಾ? ಬಾ, ಕೂತ್ಕೋ. ನಂಗೂ ನಿನ್ನಷ್ಟೇ ದೊಡ್ಡ ಮಗಳಿದ್ದಾಳೆ. ಬಟ್ಟೆ ಹೊಲೀತಾಳೆ. ಸ್ವಲ್ಪ ಸಿಡುಕಿ, ಆದ್ರೆ ನನ್ನ ಬಿಟ್ಟು ಇರಲ್ಲ. ಈಗ ಬರ್ತಾಳೆ, ಪರಿಚಯ ಮಾಡಿಸ್ತೀನಿ."

ಹೊರಗಿನಿಂದ ಅಣ್ಣ ಕೇಳಿದ. "ಅಮ್ಮ ಏನಂತಾಳೆ?"

"ಇದೇ ನಮ್ಮನೆ ಅಂತಿದ್ದಾಳೆ," ಎಂದು ಗಟ್ಟಿಯಾಗಿ ಹೇಳಿ, ಆ ಮಗಳು ಬರುವುದನ್ನು ಕಾಯುತ್ತ ಅವಳ ಪಕ್ಕದಲ್ಲಿ ಕೂತೆ.